ನೂರು ಲೀಟರಿನ ಮನೆ

ನೀರಿನ ಮಿತವ್ಯಯದ ಬಗ್ಗೆ ನಮ್ಮಲ್ಲಿ ಉಪದೇಶಕ್ಕೆ ಬರವಿಲ್ಲ. ಶಾಲೆಯ ಗೋಡೆಯ ಮೇಲೆ, ಟ್ಯಾಂಕರ್‌ ಲಾರಿಯ ಬೆನ್ನ ಮೇಲೆ, ಪಾರ್ಕಿನ ಫಲಕದ ಮೇಲೆ ‘ಜೀವಜಲ ಉಳಿಸಿ’ ಎಂದು ಬರೆದೇ ಇರುತ್ತದೆ. ಉಪದೇಶ ಸಾಲದೆ ಹೋದಾಗ ಭಯವನ್ನೂ ಪ್ರಯೋಗಿಸಿದ್ದಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಕೈಕೊಟ್ಟಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಮಳೆ ಬಂತು, ಭಯ ಹೋಯಿತು. ಬನಶಂಕರಿಯಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಬೆಳಗಿನ ಹೊತ್ತು ನಡೆಯಲು ಹೊರಟರೆ ಪೈಪು ಹಿಡಿದು ರಸ್ತೆಗೂ ಸ್ನಾನ ಮಾಡಿಸುವವರು ಈಗಲೂ ಸಿಗುತ್ತಾರೆ. ಅವರು ಕೆಟ್ಟವರೇನಲ್ಲ. ಉಪದೇಶವೂ ಭಯವೂ ಮುಟ್ಟದ ಇನ್ನೊಂದು ಜಾಗ ಮನುಷ್ಯನಲ್ಲಿದೆ. ಅದು ಯಾವುದೆಂದು ನನಗೆ ಸ್ವಲ್ಪಮಟ್ಟಿಗೆ ತಿಳಿದದ್ದು ಬಾಡಿಗೆಯ ಕ್ಯಾರವಾನ್‌ ಒಂದರಲ್ಲಿ.

ಮಕ್ಕಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಿ ಬಂದ ಜಯನಗರದ ಹಿರಿಯರು ಅಲ್ಲಿಂದ ತರುವ ಕತೆಗಳಲ್ಲಿ ಕ್ಯಾರವಾನಿನದೂ ಒಂದು. ನಿವೃತ್ತರಾದವರು ಮನೆಯನ್ನೇ ಕಾರಿಗೆ ಕಟ್ಟಿಕೊಂಡು ಒಳನಾಡಿನ ಕೆಂಪು ಬಯಲು ದಾಟಿ, ಕ್ವೀನ್ಸ್‌ಲ್ಯಾಂಡಿನ ಹಸಿರು ಕರಾವಳಿಗೆ ಹೋಗಿ ಚಳಿಗಾಲ ಕಳೆಯುತ್ತಾರಂತೆ. ಅಂಥ ದಾರಿ ನಮಗೂ ಇದೆ. ಬೆಂಗಳೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ; ಅಲ್ಲಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ; ಘಾಟಿ ಇಳಿದರೆ ಉಡುಪಿ, ಮಲ್ಪೆ. ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ನಡುವೆ ಇರುವುದು ಇನ್ನೂರು ಕಿಲೋಮೀಟರಿನಷ್ಟು ದಾರಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಎದೆ ಕೊಟ್ಟು ಅಲ್ಲೇ ಸುರಿದು, ಉಳಿದ ಚೂರುಪಾರನ್ನು ಬಯಲುಸೀಮೆಗೆ ಕಳಿಸುತ್ತದೆ. ನಾವು ಕೆಲವು ಸ್ನೇಹಿತರು ಈ ದಾರಿಯಲ್ಲಿ ಹೊರಟದ್ದು ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಇನ್ನೂ ಸಮಯವಿದ್ದಾಗ.

ಗಾಡಿ ಎಂದರೆ ಟೆಂಪೊ ಟ್ರಾವೆಲರ್‌ ಒಡಲಿನೊಳಗೆ ಎರಡು ಮಂಚ, ಒಂದು ಒಲೆ, ಒಂದು ಸಿಂಕು, ಅಂಗೈಯಗಲದ ಬಚ್ಚಲು. ಸಿಂಕಿನ ಪಕ್ಕದಲ್ಲಿ ನಾಲ್ಕು ಪುಟ್ಟ ದೀಪಗಳು. ನಾಲ್ಕೂ ಉರಿದರೆ ಟ್ಯಾಂಕಿನಲ್ಲಿ ನೂರು ಲೀಟರು ನೀರಿದೆ ಎಂದರ್ಥ. ಒಂದೇ ಉರಿದರೆ ಇಪ್ಪತ್ತೈದು. ಅದರ ಕೆಳಗೆ ಇನ್ನೊಂದು ಸಾಲು ದೀಪ. ಅದು ಬಳಸಿದ ನೀರಿನ ಟ್ಯಾಂಕಿನದು. ಮೇಲಿನ ಸಾಲು ಆರಿದಂತೆಲ್ಲ ಕೆಳಗಿನ ಸಾಲು ಹೊತ್ತಿಕೊಳ್ಳುತ್ತದೆ. ಖರ್ಚು ಮಾಡಿದ್ದು ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಜತೆಗೇ ಪ್ರಯಾಣ ಮಾಡುತ್ತಿರುತ್ತದೆ.

ಆ ದೀಪಗಳು ಮಾಡಿದ ಕೆಲಸ ನೋಡಬೇಕಿತ್ತು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಅಕ್ಕಿ ತೊಳೆದ ನೀರಿನಲ್ಲಿ ಎಂಜಲು ತಟ್ಟೆ ನೆನೆಯತೊಡಗಿತು. ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುವ ಸ್ನೇಹಿತ ಲೋಟ ಹಿಡಿದ. ಮನೆಯಲ್ಲಿ ಹೆಂಡತಿ ಹೇಳಿದರೂ ಕೇಳದವನು ದೀಪದ ಮಾತು ಕೇಳಿದ! ಅಷ್ಟರಲ್ಲಿ ಅವನ ಗುಣವೇನೂ ಬದಲಾಗಿರಲಿಲ್ಲ. ಎಷ್ಟಿದೆ ಎನ್ನುವುದು ಕಣ್ಣಿಗೆ ಬಿತ್ತು, ಅಷ್ಟೇ.

ಕಣ್ಣಿಗೆ ಬೀಳುವ ಅಳತೆಯ ಮಹಿಮೆ ಈ ದಾರಿಯುದ್ದಕ್ಕೂ ಇದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟೆ. ಜನರ ಬಾಯಲ್ಲಿ ಮಾರಿಕಣಿವೆ. ತುಂಬಿದರೆ 130 ಅಡಿ. ಆದರೆ ಅದು ತುಂಬಿ ಕೋಡಿ ಹರಿದದ್ದು 1933ರಲ್ಲೊಮ್ಮೆ, ಆಮೇಲೆ 89 ವರ್ಷ ಕಾದು 2022ರಲ್ಲಿ, ಮತ್ತೆ 2025ರಲ್ಲಿ. ಮುತ್ತಜ್ಜ ಕಂಡ ಕೋಡಿಯನ್ನು ಮರಿಮಗ ಕಂಡ. ನಡುವಿನವರು ಬರೀ ಕೇಳಿದರು. ಹಾಗಾಗಿಯೇ ಹಿರಿಯೂರಿನ ಟೀ ಅಂಗಡಿಯಲ್ಲಿ ‘ಎಷ್ಟಡಿ ಐತೆ?’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರಿಲ್ಲ. ತೆಂಗು, ಅಡಿಕೆ, ಮಗಳ ಮದುವೆ, ಎಲ್ಲವೂ ಆ ಅಡಿಗಳ ಮೇಲೆ ನಿಂತಿರುವಾಗ ಅಳತೆ ಬಾಯಿಪಾಠವಾಗಿರಲೇಬೇಕು.

ಚಿತ್ರದುರ್ಗದ ಕೋಟೆಗೆ ಹೋದವರು ಓಬವ್ವನ ಕಿಂಡಿ ನೋಡಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಹೊಂಡಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಬಂಡೆಯ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿ ಹೆಚ್ಚಾದದ್ದು ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನವನಿಗೆ ಸಾಕಾದ ಮೇಲೆ ಕೆಳಗಿನವನಿಗೆ ಹೋಗುವ ಏರ್ಪಾಡು ಇದು. ನೀರು ಯಾವ ಮೆಟ್ಟಿಲಿಗಿದೆ ಎಂದು ದಾರಿಹೋಕನೂ ಹೇಳಬಲ್ಲ. ಆರು ನೂರು ಮಿಲಿಮೀಟರ್‌ ಮಳೆಯ ಕಲ್ಲುಗುಡ್ಡದ ಮೇಲೆ ಒಂದು ಕೋಟೆ, ಒಂದು ಪೇಟೆ, ಒಂದು ಸೈನ್ಯ ಬಾಳಿದ್ದು ಈ ಲೆಕ್ಕದಿಂದ.

ಘಟ್ಟ ಇಳಿದ ಮೇಲೆ ಲೆಕ್ಕದ ಹಂಗು ತಪ್ಪುತ್ತದೆ ಎಂದು ನಾವೆಣಿಸಿದ್ದೆವು. ಸುತ್ತ ಹಸಿರು, ತೋಡುಗಳು, ಮುಂದೆ ಕಡಲು. ಮಲ್ಪೆಯ ಹತ್ತಿರದ ಒಂದು ಮನೆಯಲ್ಲಿ ಟ್ಯಾಂಕಿಗೆ ನೀರು ಕೇಳಿದಾಗ ಆ ಮನೆಯಾಕೆ ಇಲ್ಲವೆನ್ನಲಿಲ್ಲ. ಆದರೆ ಬಾವಿಯ ಒಳಗೆ ಒಮ್ಮೆ ಬಗ್ಗಿ ನೋಡಿ, ‘ನಿಮ್ಮ ಗಾಡಿಗೆ ಎಷ್ಟು ಕೊಡಪಾನ ಬೇಕಾಗ್ತದೆ ಮಾರಾಯ್ರೇ?’ ಎಂದರು. ನಾವು ಲೀಟರಿನಲ್ಲಿ ಹೇಳಿದ್ದನ್ನು ಕೊಡಪಾನಕ್ಕೆ ಇಳಿಸಿ, ಸಂಜೆಗೆ ಮನೆಗೆಷ್ಟು, ದನಕ್ಕೆಷ್ಟು ಎಂದು ಮನಸ್ಸಿನಲ್ಲೇ ಕಳೆದು ಕೂಡಿಸಿ, ಅರ್ಧ ಟ್ಯಾಂಕಿಗೆ ಒಪ್ಪಿಗೆ ಕೊಟ್ಟರು.

ಆಗ ನನಗೆ ಆಶ್ಚರ್ಯ. ಆಗಬೇಕಿರಲಿಲ್ಲ. ಕರಾವಳಿಯ ಹೊಳೆಗಳು ಘಟ್ಟದಿಂದ ಕಡಲಿಗೆ ಕಡಿದಾದ ಗಿಡ್ಡ ದಾರಿ ಹಿಡಿಯುತ್ತವೆ. ಬಿದ್ದ ಮಳೆಗೆ ನಿಲ್ಲಲು ಪುರಸೊತ್ತಿಲ್ಲ. ನೆಲದ ಮುರಕಲ್ಲು ನೀರು ಕುಡಿದಷ್ಟೇ ಬೇಗ ಬಿಟ್ಟುಕೊಡುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ ಉಡುಪಿ ನಗರ ಪರದಾಡಿತು. ತುಂಬೆಯ ನೇತ್ರಾವತಿಯಲ್ಲಿ ನೀರು ತಳ ಕಂಡು ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡಕ್ಕೆ ನೀರು ತರಲು ಒಬ್ಬರೇ ಸುರಂಗ ಕೊರೆದದ್ದು ಇಂಥದೇ ಮಳೆನಾಡಿನಲ್ಲಿ. ಸುರಂಗದ ಮೇಲೆ ಸುರಂಗ ಒಣಗಿದ್ದೇ ಸಿಕ್ಕರೂ ಬಿಡದೆ ಕೊರೆದು ನೀರು ಕಂಡರು, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಮೂರೂವರೆ ಸಾವಿರ ಮಿಲಿಮೀಟರ್‌ ಮಳೆಯ ಊರಿನಲ್ಲಿ ಮನುಷ್ಯನೊಬ್ಬ ನೀರಿಗಾಗಿ ಗುಡ್ಡದೊಳಗೆ ತೆವಳಬೇಕಾಯಿತು. ಸಮೃದ್ಧಿ ಎನ್ನುವುದು ಆಕಾಶ ಎಷ್ಟು ಕೊಟ್ಟಿತು ಎನ್ನುವುದರಲ್ಲಿಲ್ಲ. ನಾವೆಷ್ಟು ಹಿಡಿದಿಟ್ಟೆವು, ಎಷ್ಟಿದೆಯೆಂದು ಬಲ್ಲೆವೋ ಇಲ್ಲವೋ ಎನ್ನುವುದರಲ್ಲಿದೆ.

ದಕ್ಷಿಣ ಬೆಂಗಳೂರಿನ ನಮ್ಮ ಮನೆಗಳಲ್ಲಿ ಇಲ್ಲದ್ದು ಈ ಬಲ್ಲತನವೇ. ಕಾವೇರಿ ಮೊದಲ ಹಂತ 1974ರಲ್ಲಿ ಊರಿಗೆ ಬಂದ ಮೇಲೆ ನೀರು ನಮಗೆ ಗೋಡೆಯೊಳಗಿಂದ ಬರುವ ವಸ್ತುವಾಯಿತು. ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು ನೂರು ಕಿಲೋಮೀಟರ್‌ ಸಾಗಿ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರುವ ನೀರು ಅದು. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಶಪಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಅದೇ ದಾರಿಯಲ್ಲಿ ನಾಳೆಯ ಸ್ನಾನದ ನೀರೂ ಹತ್ತಿ ಬರುತ್ತಿದೆ ಎಂಬ ನೆನಪಿರುತ್ತದೆ? ಇನ್ನೊಂದು ತುದಿಯೂ ಅಷ್ಟೇ. ಬಿಟಿಎಂ ಲೇಔಟಿನ ಬಚ್ಚಲ ನೀರು ಕೋರಮಂಗಲ ಕಣಿವೆಗೆ ಇಳಿಯುತ್ತದೆ. ಆ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್‌ ಮಾಡಲಾಗುತ್ತಿದೆ. ನಾವು ಚೆಲ್ಲಿದ್ದು ಯಾರದೋ ಕೆರೆ ಸೇರುತ್ತದೆ, ಆ ನೀರಿನ ಜತೆ ಇನ್ನೇನು ಸೇರುತ್ತದೋ ಎಂಬ ಚಿಂತೆ ಅವರದು. ಕೆಆರ್‌ಎಸ್‌ನಲ್ಲಿ ಎಷ್ಟಡಿ ಎಂದು ಟೀವಿಯಲ್ಲಿ ನೋಡುತ್ತೇವೆ. ನಮ್ಮದೇ ಸಂಪು ಎಷ್ಟು ಲೀಟರಿನದು ಎಂದು ಕೇಳಿದರೆ ತಡವರಿಸುತ್ತೇವೆ. ಗಾಡಿಯಲ್ಲಿ ಕಣ್ಣೆದುರಿಗಿದ್ದ ಎರಡು ಸಾಲು ದೀಪಗಳನ್ನು ನಗರ ನಾಜೂಕಾಗಿ ಮರೆಮಾಡಿದೆ. ಇದನ್ನೇ ನಾವು ಸೌಕರ್ಯ ಎನ್ನುತ್ತೇವೆ.

ಕಾಣದ್ದರ ಬಗ್ಗೆ ಮನುಷ್ಯನಿಗೆ ದಯೆ ಹುಟ್ಟುವುದು ಕಷ್ಟ. ಹಾಗಾಗಿ ನಗರದಲ್ಲಿ ನೀತಿಯ ಮೊದಲ ಕೆಲಸ ಕಾಣಿಸುವುದು. 30×40 ಸೈಟಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್‌. ಸೈಟಿನ ಪೂರ್ತಿ ವಿಸ್ತೀರ್ಣದ ಮೇಲೆ ವರ್ಷಕ್ಕೆ ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕದಲ್ಲಿ ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಬೇಕಾದದ್ದು ಎರಡು ಲಕ್ಷ ಲೀಟರಿನಷ್ಟು. ಎಂದರೆ ಅರ್ಧದಷ್ಟು ನೀರು ನಮ್ಮ ತಲೆಯ ಮೇಲೆಯೇ ಬಿದ್ದು ಮೋರಿ ಸೇರುತ್ತಿದೆ. ಇದನ್ನು ಹಿಡಿಯುವ ಬಗೆ ತೋರಿಸಲೆಂದೇ ಜಯನಗರದ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ, ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. 2009ರಲ್ಲಿ ಕಾನೂನೂ ಬಂತು. ಕಾನೂನಿನ ಕಾಟಕ್ಕೆ ಪೈಪು ಜೋಡಿಸಿ ಮರೆತ ಮನೆಗಳೂ ಇವೆ. ತೊಟ್ಟಿ ಎಷ್ಟು ತುಂಬಿತು ಎಂದು ದಿನಾ ಇಣುಕುವ ಮನೆಗಳೂ ಇವೆ. ಪೈಪು ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಇಣುಕುವುದರಲ್ಲಿ.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಒಂದು ಅನ್ಯಾಯವಿದೆ. ಎಷ್ಟೋ ಕಡೆ ಇಡೀ ಕಟ್ಟಡಕ್ಕೆ ಒಂದೇ ಮೀಟರು. ಬಿಲ್ಲನ್ನು ಚದರಡಿಯ ಮೇಲೆ ಹಂಚುತ್ತಾರೆ. ಒಬ್ಬಳೇ ಇರುವ ಅಜ್ಜಿ, ದಿನಾ ಟಬ್‌ ತುಂಬಿಸುವ ಪಕ್ಕದ ಮನೆಯವರು, ಇಬ್ಬರೂ ಒಂದೇ ಮೊತ್ತ ಕಟ್ಟುತ್ತಾರೆ. ಮುಂದಿನ ಸಂಘದ ಸಭೆಯಲ್ಲಿ ಬಣ್ಣ ಹೊಡೆಸುವ ಮಾತನ್ನು ಒಂದು ವರ್ಷ ಮುಂದೂಡಿ, ಮನೆಗೊಂದು ಮೀಟರು ಹಾಕಿಸುವ ಮಾತೆತ್ತಬಹುದು. ಅದನ್ನು ನೆಲಮಾಳಿಗೆಯಲ್ಲಿ ಬಚ್ಚಿಡದೆ ಅಡುಗೆಮನೆಯ ಬಾಗಿಲ ಬಳಿ ಹಾಕಿಸಬೇಕು. ಅಳೆದು ಬಳಸುವುದು ಜಿಪುಣತನ ಎಂಬ ಭಾವನೆ ನಮ್ಮಲ್ಲಿದೆ. ಬಾವಿಗೆ ಬಗ್ಗಿ ನೋಡಿದ ಆ ತಾಯಿ ಅಳೆದದ್ದರಿಂದಲೇ ಅಪರಿಚಿತರಿಗೆ ಅರ್ಧ ಟ್ಯಾಂಕು ಕೊಡಲು ಸಾಧ್ಯವಾಯಿತು. ತನ್ನಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದವನು ಚೆಲ್ಲಬಲ್ಲ, ಕೊಡಲಾರ.