ಮನೆಯಲ್ಲಿ ಮುಗಿಯದ ವಿದ್ಯೆ

ಮಾಡುತ್ತ ಕಲಿಯಬೇಕು, ತಪ್ಪುತ್ತ ತಿಳಿಯಬೇಕು ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಒಪ್ಪಿಕೊಂಡಿದ್ದೇವೆ. ದೋಸೆಯ ಮಟ್ಟಿಗೆ ಅದು ನಿಜ. ಮೊದಲನೆಯದು ಹರಿದರೆ ಹುಯ್ದವರೇ ತಿಂದು ಮುಗಿಸುತ್ತಾರೆ. ಆದರೆ ಕಲಿಯುವವನ ತಪ್ಪಿಗೆ ಬೇರೆಯವರು ಬೆಲೆ ತೆರುವ ವಿದ್ಯೆಗಳೂ ಇವೆ. ಟರ್ಬೊ ಕಾರಿನ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಮನೆಯಲ್ಲೇ ಕುಳಿತು ನಿರ್ಧರಿಸುವುದು ಅಂಥದ್ದೊಂದು ವಿದ್ಯೆ.

ಇದೇನು ಹುಚ್ಚು ಎನ್ನಬೇಡಿ. 2001ರಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬಿಬ್ಬರು ಮೆಗಾಸ್ಕ್ವರ್ಟ್ ಎಂಬ ಎಂಜಿನ್ ನಿಯಂತ್ರಕವನ್ನು ರೂಪಿಸಿದರು. ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ಬೆಸೆದು ಜೋಡಿಸಬಹುದಾದ ಪೆಟ್ಟಿಗೆ ಅದು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮಗ್ಗಿ ಪುಸ್ತಕದಂಥ ಕೋಷ್ಟಕ ಕಾಣುತ್ತದೆ: ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಒಳಹೋಗುವ ಗಾಳಿಯ ಒತ್ತಡ, ನಡುವಿನ ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ. ಅಂಕಿ ಏರಿಸಿದರೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಕಾರ್ಖಾನೆಗಳು ಬೀಗ ಹಾಕಿಟ್ಟಿದ್ದ ವಿದ್ಯೆ ಹೀಗೆ ಸಾಮಾನ್ಯರ ಕೈಗೆ ಬಂತು. ನನಗೆ ಇದರಲ್ಲಿ ಸಂತೋಷವೇ ಹೊರತು ತಕರಾರಿಲ್ಲ.

ತೊಡಕು ಶುರುವಾಗುವುದು ‘ನನಗೆ ಗೊತ್ತು’ ಎನ್ನುವಲ್ಲಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ, ಪೂರ್ತಿ ಭಾರದಲ್ಲಿ, ಈ ಅಂಕಿಯನ್ನು ಸಾಮಾನ್ಯವಾಗಿ 12ರ ಆಸುಪಾಸಿಗೆ ಇಳಿಸುತ್ತಾರೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಒಳಗಿನ ಬಿಸಿ ತಗ್ಗಿಸುತ್ತದೆ. ಅದು ಸಾಲದೆ ಹೋದರೆ ಮಿಶ್ರಣ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಜೋರಾದ ನಾಕಿಂಗ್ ಪಿಸ್ಟನ್ನನ್ನು ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಈ ಪ್ರಮಾಣವನ್ನು ತೋರಿಸಲು ಹೊಗೆ ಕೊಳವೆಯಲ್ಲಿ ಒಂದು ಸೆನ್ಸರ್ ಇರುತ್ತದೆ. ಮಜಾ ಎಂದರೆ, ಅದು ಪೆಟ್ರೋಲನ್ನು ಅಳೆಯುವುದೇ ಇಲ್ಲ. ಹೊಗೆಯಲ್ಲಿರುವ ಆಮ್ಲಜನಕವನ್ನು ನೋಡಿ ಉಳಿದದ್ದನ್ನು ಊಹಿಸುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹತ್ತದೆ ಹೋದರೆ ಉರಿಯದ ಗಾಳಿಯೂ ಹೊರಬಂದು, ಪೆಟ್ರೋಲ್ ಜಾಸ್ತಿಯಾಗಿದ್ದಾಗಲೂ ಮೀಟರು ‘ಕಡಿಮೆಯಾಯಿತು’ ಎನ್ನುತ್ತದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ 14.7 ಎಂಬ ಅಂಕಿಯೇ ಇಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೀಟರು ಹೇಳುವುದು ನಾಲ್ಕೂ ಸಿಲಿಂಡರುಗಳ ಕೂಡು ಹೊಗೆಯ ಮಾತು. ಮೂರನೆಯ ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿದ್ದರೂ ಉಳಿದ ಮೂರರ ಸಮೃದ್ಧಿಯಲ್ಲಿ ಅದು ಮುಚ್ಚಿಹೋಗುತ್ತದೆ. ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಕರಗುವುದು ಮಾತ್ರ ಮೂರನೆಯ ಪಿಸ್ಟನ್. (ತಲಾ ಆದಾಯದ ಲೆಕ್ಕ ಓದುವಾಗಲೆಲ್ಲ ನನಗೆ ಈ ಮೂರನೆಯ ಪಿಸ್ಟನ್ ನೆನಪಾಗುತ್ತದೆ.)

ಹಾಗಾದರೆ ಸ್ವಲ್ಪ ಜಾಸ್ತಿಯೇ ಸುರಿದರಾಯಿತು ಎಂದು ಕಲಿಯುವವನು ಯೋಚಿಸುತ್ತಾನೆ. ಎಂಜಿನ್ನಿನ ದೃಷ್ಟಿಯಿಂದ ಅದು ವಿವೇಕ. ಆದರೆ ಅರ್ಧ ಉರಿದ ಪೆಟ್ರೋಲ್ ಕಾರ್ಬನ್ ಮೊನಾಕ್ಸೈಡ್ ಆಗಿ ಬೀದಿಗೆ ಬರುತ್ತದೆ. ಅದನ್ನು ಶುದ್ಧಗೊಳಿಸಬೇಕಾದ ಕನ್ವರ್ಟರ್ ಆಮ್ಲಜನಕವಿಲ್ಲದೆ ಕೈಚೆಲ್ಲುತ್ತದೆ. ನನ್ನ ಅಜ್ಞಾನಕ್ಕೆ ನಾನು ಇಟ್ಟುಕೊಂಡ ಮೀಸಲನ್ನು ಬಸ್‌ಸ್ಟಾಪಿನಲ್ಲಿ ನಿಂತವರು ಉಸಿರಾಡುತ್ತಾರೆ.

ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲಿ ನಡೆದದ್ದಿದೆ. ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು 1921ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ ಕಂಡುಕೊಂಡ. ಎಂಜಿನ್ನುಗಳು ಸುಮ್ಮನಾದವು. ಸೀಸ ವಿಷವೆಂದು ಆಗಲೂ ಗೊತ್ತಿತ್ತು. ಮಿಜ್ಲಿಯೇ ಅದರಿಂದ ಕಾಯಿಲೆ ಬಿದ್ದಿದ್ದ. ಭಾರತ ಅದನ್ನು ಬಿಟ್ಟದ್ದು 2000ದಲ್ಲಿ, ಕೊನೆಯದಾಗಿ ಅಲ್ಜೀರಿಯ 2021ರಲ್ಲಿ. ನಡುವಿನ ನೂರು ವರ್ಷ ಆ ಸೀಸ ಮಕ್ಕಳ ರಕ್ತಕ್ಕೆ ಸೇರುತ್ತಿತ್ತು. ಶೆಡ್ಡಿನ ಹುಡುಗನನ್ನು ಮಿಜ್ಲಿಯ ಪಕ್ಕ ನಿಲ್ಲಿಸುವುದು ಅನ್ಯಾಯ, ನಿಜ. ಎಂಜಿನ್ನಿಗೆ ಒಳ್ಳೆಯದಾದದ್ದು ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಇಬ್ಬರದೂ ಒಂದೇ.

ಹಳೆಯ ಗ್ಯಾರೇಜಿನ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಕಿವಿಗೊಟ್ಟು ಕಾರ್ಬ್ಯುರೇಟರ್ ತಿರುಗಿಸುತ್ತಿದ್ದನಲ್ಲ, ಅವನನ್ನು ಯಾರೂ ಕೇಳಲಿಲ್ಲವಲ್ಲ ಎಂದು ವಾದಿಸಬಹುದು. ಅವನು ಸರಿಪಡಿಸುತ್ತಿದ್ದದ್ದು ನಿಂತ ಗಾಡಿಯ ಮಂದ ಓಟವನ್ನು. ತಪ್ಪಾದರೆ ಎಂಜಿನ್ ಅಲ್ಲೇ ಕೆಮ್ಮುತ್ತಿತ್ತು. ಟರ್ಬೊ ಕೋಷ್ಟಕದ ಮೇಲಿನ ಮನೆಗಳಿಗೆ ನಿಂತ ಕಾರು ಮುಟ್ಟುವುದೇ ಇಲ್ಲ. ಅಲ್ಲಿಗೆ ಹೋಗಲು ಎಂಜಿನ್ನಿನ ಮೇಲೆ ಭಾರ ಬೀಳಬೇಕು, ಭಾರ ಬೀಳಲು ಆಕ್ಸಿಲರೇಟರ್ ಪೂರ್ತಿ ಒತ್ತಿ ರಸ್ತೆಯಲ್ಲಿ ಓಡಿಸಬೇಕು. ಆ ರಸ್ತೆಯಲ್ಲಿ ಸೈಕಲ್ಲಿನವರೂ ಇರುತ್ತಾರೆ. ಮನೆಯ ವಿದ್ಯೆ ಎಂದು ಹೊರಟದ್ದು ಮನೆಯಲ್ಲಿ ಮುಗಿಯುವುದಿಲ್ಲ.

ಇದಕ್ಕೆ ಇನ್ನೊಂದು ದಾರಿ ಡೈನೊ: ಚಕ್ರಗಳನ್ನು ರೋಲರ್ ಮೇಲೆ ಕೂರಿಸಿ, ಕಾರನ್ನು ಬಿಗಿದು ಕಟ್ಟಿ, ನಿಂತಲ್ಲೇ ಭಾರ ಹೊರಿಸುವ ಯಂತ್ರ. ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಅಷ್ಟು ದುಡ್ಡಿದ್ದರೆ ಮನೆಯಲ್ಲಿ ಯಾಕೆ ಕಲಿಯುತ್ತಿದ್ದೆ ಎಂದು ಹುಡುಗ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ದುಡ್ಡು ಕೂಡುವವರೆಗೆ ಟರ್ಬೊ ಒತ್ತಡವನ್ನು ಕೆಳಗೇ ಕಟ್ಟಿಹಾಕಿ, ಕೋಷ್ಟಕದ ಮೇಲಿನ ಮನೆಗಳನ್ನು ಹಾಗೆಯೇ ಬಿಟ್ಟಿರು ಎಂದಷ್ಟೇ ನಾನು ಹೇಳಬಲ್ಲೆ. ಕೆಳಗಿನ ಮನೆಗಳನ್ನು ತುಂಬುವುದಕ್ಕೇ ಒಂದು ಮಳೆಗಾಲ ಹಿಡಿಯುತ್ತದೆ.