ಹಾಲು, ಕರು ಮತ್ತು ಗೃಹಸ್ಥನ ಅಣುವ್ರತ

ಮಾಂಸ, ಮೀನು, ಮೊಟ್ಟೆಗಳೊಡನೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ತೊರೆದು ಸಸ್ಯಮೂಲದ ಆಹಾರದಿಂದಲೇ ಬದುಕುವ ವೀಗನ್ ಪದ್ಧತಿಗೆ ಆ ಹೆಸರು ಬಂದದ್ದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ತಮ್ಮದೇ ಸಂಘವೊಂದನ್ನು ಕಟ್ಟಿದಾಗ; ಆದರೆ ಅದು ಎತ್ತುವ ಪ್ರಶ್ನೆಯನ್ನು ಅಹಿಂಸೆಯೇ ಪರಮಧರ್ಮವೆಂದು ಬಗೆದ ಜೈನ ಪರಂಪರೆಯ ಒಳಗೆ ನಿಂತೂ ಕೇಳಬಹುದು, ಕೇಳಲೇಬೇಕು. ಕರ್ನಾಟಕದ ದಿಗಂಬರ ಜೈನ ಮನೆಗಳಲ್ಲಿ ನೀರನ್ನು ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಗೆಡ್ಡೆಗೆಣಸುಗಳನ್ನು ವರ್ಜಿಸುವ ನಿಯಮಗಳು ಸೂಕ್ಷ್ಮಜೀವಗಳ ಮೇಲಿನ ಕರುಣೆಯಿಂದ ಹುಟ್ಟಿದವು. ಅದೇ ಮನೆಗಳಲ್ಲಿ ಬೆಳಗಿನ ಕಾಫಿ, ಮಧ್ಯಾಹ್ನದ ಮಜ್ಜಿಗೆ, ಹಬ್ಬದ ಹೋಳಿಗೆಯ ಮೇಲಿನ ತುಪ್ಪ ಹೆಚ್ಚಿನ ಶಂಕೆಗೆ ಒಳಗಾಗದೆ ಉಳಿದುಕೊಂಡಿವೆ. ಕಣ್ಣಿಗೆ ಕಾಣದ ಜೀವದ ಬಗ್ಗೆ ಇಷ್ಟು ಎಚ್ಚರವಿರುವ ಅಡುಗೆಮನೆಗೆ, ಕಣ್ಣಿಗೆ ಕಾಣುವ ಕರುವಿನ ಋಣ ಎಷ್ಟಿದೆ?

ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಎಂದರೆ ರಾಗದ್ವೇಷಗಳಿಗೆ ವಶವಾದ ಮನಸ್ಸಿನ ಅಜಾಗರೂಕತೆಯನ್ನು ಹೆಸರಿಸುತ್ತದೆ. ಆ ಹಿಂಸೆಯನ್ನು ತಾನೇ ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚಿ ಒಪ್ಪುವುದು ಅನುಮತ ಎಂದು ಮೂರು ಬಗೆಯಾಗಿ ಎಣಿಸಿ, ಮೂರಕ್ಕೂ ಮನುಷ್ಯನನ್ನು ಹೊಣೆಯಾಗಿಸುತ್ತದೆ. ಗೃಹಸ್ಥನು ಕೈಗೊಳ್ಳುವ ಮಿತವಾದ ವ್ರತಕ್ಕೆ ಅಣುವ್ರತವೆಂದು ಹೆಸರು. ಅಹಿಂಸಾಣುವ್ರತಕ್ಕೆ ಕುಂದು ತರುವ ಐದು ಅತಿಚಾರಗಳೆಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು ಮತ್ತು ಅನ್ನಪಾನನಿರೋಧ, ಎಂದರೆ ಉಣ್ಣುವ ಕುಡಿಯುವ ಜೀವಕ್ಕೆ ಅದರ ಆಹಾರವನ್ನು ತಡೆಯುವುದು. ಈ ಸೂತ್ರಗಳಿಗೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಅನ್ನಪಾನನಿರೋಧವನ್ನು ವಿವರಿಸುವಾಗ ಗೋವು ಮುಂತಾದ ಪ್ರಾಣಿಗಳ ಹಸಿವು ಬಾಯಾರಿಕೆಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ. ಹೀಗಿರುವಾಗ ಹಾಲಿನ ವಿಚಾರ ಹೊರಗಿನಿಂದ ಬಂದ ಆಕ್ಷೇಪವೆಂದು ತಳ್ಳಿಹಾಕುವುದು ಸಾಧ್ಯವಿಲ್ಲ. ಅಳತೆಗೋಲು ಮನೆಯೊಳಗೇ ಇದೆ.

ಹಾಲನ್ನು ಒಪ್ಪಿದ ಹಿಂದಿನವರಿಗೆ ಒಂದು ಸಮರ್ಥನೆಯಿತ್ತು. ಕರುವನ್ನು ಮೊದಲು ಕೆಚ್ಚಲಿಗೆ ಬಿಟ್ಟು, ಅದರ ಪಾಲನ್ನು ಉಳಿಸಿ ಹಾಲು ಕರೆಯುತ್ತಿದ್ದ ಮನೆಯಲ್ಲಿ ಗಂಡುಕರು ಬೆಳೆದು ಎತ್ತಾಗಿ ನೇಗಿಲಿಗೆ, ಗಾಡಿಗೆ ಒದಗುತ್ತಿತ್ತು; ಗೊಡ್ಡುಬಿದ್ದ ಹಸುವಿನ ಸೆಗಣಿಯೂ ಹೊಲಕ್ಕೆ ಬೇಕಾಗಿತ್ತು. ಆ ವ್ಯವಸ್ಥೆಯಲ್ಲಿ ಕ್ರೌರ್ಯ ಇರಲಿಲ್ಲವೆಂದು ಹೇಳಲಾಗದು, ಆದರೆ ಅದರಲ್ಲಿ ಕರುವಿಗೆ ಒಂದು ಸ್ಥಾನವಿತ್ತು. 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿಯ ನಂತರ ಹೋಲ್‌ಸ್ಟೀನ್ ಫ್ರೀಜಿಯನ್, ಜೆರ್ಸಿ ಮಿಶ್ರತಳಿಗಳು ಹಳ್ಳಿಹಳ್ಳಿಗೂ ಬಂದವು, ಕೃತಕ ಗರ್ಭಧಾರಣೆ ರೂಢಿಯಾಯಿತು, ಉಳುಮೆಯನ್ನು ಟ್ರ್ಯಾಕ್ಟರು ಮತ್ತು ಟಿಲ್ಲರುಗಳು ವಹಿಸಿಕೊಂಡವು. ಹಸು ಹಾಲು ಕೊಡಬೇಕಾದರೆ ಗಬ್ಬವಾಗಿ ಈಯಲೇಬೇಕು, ಈದ ಕರುಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿರುತ್ತವೆ, ಆ ಗಂಡುಕರುಗಳಿಗೆ ಈಗ ಹೊಲದಲ್ಲಿ ಕೆಲಸವಿಲ್ಲ. ಹೊಟ್ಟೆತುಂಬ ಹಾಲು ಸಿಗದೆ ಸೊರಗುವ, ಬೀದಿಗೆ ಬೀಳುವ, ಕೈಯಿಂದ ಕೈಗೆ ಮಾರಾಟವಾಗಿ ಕಣ್ಮರೆಯಾಗುವ ಕರುಗಳ ಪಾಡು ಯಾರೋ ಒಬ್ಬ ನಿರ್ದಯಿಯ ಕೃತ್ಯವಲ್ಲ. ಅದು ಆ ಉತ್ಪಾದನಾಕ್ರಮದಿಂದಲೇ ಹೊಮ್ಮುವ ಫಲ. ಎರಡು ಹಸು ಕಟ್ಟಿಕೊಂಡು ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ರೈತಮಹಿಳೆಯ ಮೇಲೆ ಇದರ ದೋಷವನ್ನೆಲ್ಲ ಹೊರಿಸುವುದು ಅನ್ಯಾಯ. ಜೀವನೋಪಾಯಕ್ಕಾಗಿ ಅನಿವಾರ್ಯವಾಗಿ ನಡೆಯುವ ಹಿಂಸೆಯನ್ನು ಜೈನ ವಿಚಾರವು ಉದ್ಯೋಗಿ ಹಿಂಸೆ ಎಂದು ಬೇರೆಯಾಗಿಯೇ ಗುರುತಿಸಿದೆ. ಬೆಳಗ್ಗೆ ಬಾಗಿಲಲ್ಲಿ ಪ್ಯಾಕೆಟ್ ಎತ್ತಿಕೊಳ್ಳುವ ಪಟ್ಟಣದ ಗೃಹಸ್ಥನಿಗಾದರೋ ಅಂಥ ಅನಿವಾರ್ಯತೆ ಇಲ್ಲ. ಅವನು ಕರುವನ್ನು ಕಾಣದಿರಬಹುದು, ಆದರೆ ಕಾಣದಿರುವುದು ಕಾರಿತ ಮತ್ತು ಅನುಮತಗಳ ಹೊಣೆಯಿಂದ ಅವನನ್ನು ಬಿಡಿಸುವುದಿಲ್ಲ.

ಪ್ರಾಚೀನ ಆಚಾರ್ಯರು ವೀಗನ್ ಮತವನ್ನೇ ಬೋಧಿಸಿದ್ದರೆಂದು ಇದರಿಂದ ಸಾಧಿಸಹೊರಡುವುದು ಸರಿಯಲ್ಲ. ಜೇನನ್ನು ಅವರು ಮದ್ಯ ಮಾಂಸಗಳ ಸಾಲಿನಲ್ಲಿಟ್ಟು ನಿಷೇಧಿಸಿದರು. ಪುರುಷಾರ್ಥಸಿದ್ಧ್ಯುಪಾಯವನ್ನು ಬರೆದ ಅಮೃತಚಂದ್ರರು ಬೆಣ್ಣೆಯನ್ನೂ ಆ ಸಾಲಿಗೆ ಸೇರಿಸಿದರು. ರಸಪರಿತ್ಯಾಗವೆಂಬ ಬಾಹ್ಯತಪಸ್ಸಿನಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವ ಕ್ರಮ ಇಂದಿಗೂ ಉಳಿದಿದೆ. ಆದರೆ ಬೆಣ್ಣೆಯ ನಿಷೇಧಕ್ಕೆ ಅದರಲ್ಲಿ ಹುಟ್ಟುವ ಸೂಕ್ಷ್ಮಜೀವಗಳು ಕಾರಣ, ರಸಪರಿತ್ಯಾಗಕ್ಕೆ ನಾಲಗೆಯ ನಿಗ್ರಹ ಕಾರಣ. ಎರಡರಲ್ಲೂ ಕರುವಿನ ಮಾತಿಲ್ಲ. ಹಾಲಿಲ್ಲದ ತಟ್ಟೆ ಈ ಪರಂಪರೆಗೆ ಅಪರಿಚಿತವಲ್ಲ ಎಂಬಷ್ಟನ್ನು ಮಾತ್ರ ಇವು ತೋರಿಸಿಕೊಡುತ್ತವೆ, ಆ ತಟ್ಟೆಗೆ ಇಂದು ಬೇರೊಂದು ಕಾರಣ ಒದಗಿದೆ.

ಕಾರಣ ಸ್ಪಷ್ಟವಾದ ಮೇಲೂ ಕುಟುಂಬದ ಪ್ರಶ್ನೆ ಉಳಿಯುತ್ತದೆ, ಮತ್ತು ಅದೇ ಹೆಚ್ಚು ಕಠಿಣವಾದದ್ದು. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಕೊಲ್ಲಲೊಲ್ಲದ ಮಗ ಅವಳ ಮಾತನ್ನು ಪೂರ್ತಿ ಮೀರಲೂ ಆರದೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ, ಆ ಸಂಕಲ್ಪಹಿಂಸೆಯ ಫಲವಾಗಿ ಇಬ್ಬರೂ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಂಕಟಪಡುತ್ತಾರೆ. ಮನಸ್ಸಿನ ಉದ್ದೇಶವೇ ಹಿಂಸೆಯೆಂಬ ತತ್ತ್ವಕ್ಕೆ ಕನ್ನಡದಲ್ಲಿ ಇದಕ್ಕಿಂತ ತೀಕ್ಷ್ಣವಾದ ನಿರೂಪಣೆ ದುರ್ಲಭ. ಆದರೆ ಕೃತಿಯ ಇನ್ನೊಂದು ಅಂಶವನ್ನು ಓದುಗರು ಸಾಕಷ್ಟು ಗಮನಿಸುವುದಿಲ್ಲ: ಇಬ್ಬರನ್ನೂ ಆ ಕೃತ್ಯಕ್ಕೆ ದೂಡಿದ್ದು ದ್ವೇಷವಲ್ಲ, ಮಗನಿಗೆ ಕೇಡಾಗದಿರಲೆಂಬ ತಾಯಿಯ ಕಾತರ ಮತ್ತು ತಾಯಿಯನ್ನು ನೋಯಿಸಲಾರದ ಮಗನ ಮಮತೆ. ಊಟಕ್ಕೆ ಕುಳಿತ ಮಗಳು ಮೊಸರನ್ನ ಬೇಡವೆಂದಾಗ ತಾಯಿಗೆ ಆಗುವ ನೋವೂ ಅದೇ ಜಾತಿಯದು, ಏಕೆಂದರೆ ಅಲ್ಲಿ ನಿರಾಕೃತವಾದದ್ದು ಆಹಾರ ಮಾತ್ರವಲ್ಲ, ಉಣಿಸುವ ಕೈಯೂ ಹೌದು ಎಂದು ಆಕೆಗೆ ತೋರುತ್ತದೆ. ಆ ನೋವಿಗೆ ಹೆದರಿ ವ್ರತವನ್ನು ಬಿಡಬೇಕಾಗಿಲ್ಲ, ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ರತ ಮಾನಕಷಾಯವಾಗಿ, ಎಂದರೆ ಆತ್ಮವನ್ನು ಕಲುಷಿತಗೊಳಿಸುವ ಅಹಂಕಾರವಾಗಿ ಮಾರ್ಪಡುತ್ತದೆ.

ಮಿತಿಮೀರಿ ಭಾರ ಹೊರಿಸುವ ಅತಿಚಾರವನ್ನು ಪಶುಗಳಿಂದಾಚೆಗೆ ಅಡುಗೆಮನೆಗೂ ವಿಸ್ತರಿಸಿ ನೋಡುವುದು ಇಲ್ಲಿ ಅಗತ್ಯ. ಮನೆಯ ಒಬ್ಬರು ವೀಗನ್ ಆದಾಗ ಎರಡು ಬಗೆಯ ಪಲ್ಯ, ಎರಡು ಬಗೆಯ ಪಾಯಸ ಮಾಡುವ ದುಡಿಮೆ ಸಾಮಾನ್ಯವಾಗಿ ಒಬ್ಬ ಹೆಂಗಸಿನ ಹೆಗಲಿಗೇ ಬೀಳುತ್ತದೆ. ವ್ರತ ತೊಟ್ಟವರು ಒಲೆಯ ಮುಂದೆ ನಿಲ್ಲದಿದ್ದರೆ ಕರುವಿಗೆ ತೋರಿದ ದಯೆಯ ಬೆಲೆಯನ್ನು ಮತ್ತೊಬ್ಬರು ತೆರುತ್ತಿರುತ್ತಾರೆ. ರಾಗಿ, ಹುಚ್ಚೆಳ್ಳು, ಎಳ್ಳು, ಹುರುಳಿ, ತೆಂಗಿನಹಾಲಿನ ಪಾಯಸಗಳನ್ನು ಬಲ್ಲ ಕನ್ನಡದ ಅಡುಗೆಗೆ ಈ ಹಾದಿ ದುರ್ಗಮವಲ್ಲ, ತಂಬುಳಿ ಮಜ್ಜಿಗೆಹುಳಿಗಳ ಜಾಗವಷ್ಟೇ ಬರಿದಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು: ಬಿ12 ಜೀವಸತ್ವ ಸಸ್ಯಾಹಾರದಿಂದ ಭರವಸೆಯಿಡುವಷ್ಟು ದೊರೆಯುವುದಿಲ್ಲವಾದ್ದರಿಂದ, ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಸೇರಿದಂತೆ ವೀಗನ್ ಪದ್ಧತಿಯವರೆಲ್ಲರೂ ಅದನ್ನು ಮಾತ್ರೆಯ ರೂಪದಲ್ಲೋ ಪೋಷಕಾಂಶ ಬೆರೆಸಿದ ಆಹಾರದಲ್ಲೋ ಪಡೆಯಲೇಬೇಕು. ಇದನ್ನು ಕಡೆಗಣಿಸಿ ಮಗುವಿನ ದೇಹದ ಮೇಲೆ ತತ್ತ್ವವನ್ನು ಪರೀಕ್ಷಿಸುವುದು ಸೂತ್ರವು ಹೇಳುವ ಪ್ರಮಾದವೇ ಆಗಿದೆ.

ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. 1918ರಲ್ಲಿ ಆರಂಭವಾದ ಭಾರೀ ಕಾಯಿಲೆಯಲ್ಲಿ, ವ್ರತ ತೊಡುವಾಗ ಹಸು ಎಮ್ಮೆಗಳಷ್ಟೇ ಮನಸ್ಸಿನಲ್ಲಿದ್ದವೆಂಬ ಆಧಾರದ ಮೇಲೆ, ಕಸ್ತೂರಬಾ ಅವರ ಸಲಹೆಗೆ ಮಣಿದು ಮೇಕೆಯ ಹಾಲನ್ನು ಸ್ವೀಕರಿಸಿದರು, ಮತ್ತು ವ್ರತದ ಅಕ್ಷರ ಉಳಿದರೂ ಅದರ ಆತ್ಮ ಮುರಿಯಿತೆಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಗಂಡನ ಪ್ರಾಣ ಉಳಿಯಲೆಂಬ ಕಸ್ತೂರಬಾ ಅವರ ವಾದವನ್ನು ದೌರ್ಬಲ್ಯವೆಂದು ಕರೆಯುವ ಧೈರ್ಯ ಯಾವ ನೀತಿಶಾಸ್ತ್ರಕ್ಕೂ ಇರಬಾರದು. ಮುನಿಗಳ ಮಹಾವ್ರತಕ್ಕೂ ಗೃಹಸ್ಥನ ಅಣುವ್ರತಕ್ಕೂ ನಡುವೆ ಪ್ರತಿಮೆಗಳೆಂಬ ಹನ್ನೊಂದು ಮೆಟ್ಟಿಲುಗಳನ್ನು ಜೈನರು ಕಲ್ಪಿಸಿದ್ದು, ಪ್ರತಿಯೊಬ್ಬರೂ ತಮ್ಮ ಶಕ್ತಿಯನ್ನು ತಾವೇ ಅಳೆದು ಏರಲೆಂದು. ಒಬ್ಬರ ಮೆಟ್ಟಿಲಿಗೆ ಇಡೀ ಮನೆಯನ್ನು ಎಳೆದು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ, ಏರುವವರನ್ನು ತಡೆಯುವ ಅಧಿಕಾರವೂ ಇಲ್ಲ.

ದೇವರಕೋಣೆಯ ವಿಚಾರದಲ್ಲಿ ಪರಂಪರೆ ಈಗಾಗಲೇ ಒಂದು ದಾರಿಯನ್ನು ತೆರೆದಿಟ್ಟಿದೆ. ಕರ್ನಾಟಕದಲ್ಲಿ ಪ್ರಬಲವಾಗಿರುವ ಬೀಸಪಂಥದವರು ಹಾಲು ಮೊಸರುಗಳಿಂದ ಜಿನಬಿಂಬಕ್ಕೆ ಅಭಿಷೇಕ ಮಾಡುತ್ತಾರೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಲೋಕ ಕಾಣುವುದೂ ಅದನ್ನೇ. ಉತ್ತರ ಭಾರತದ ತೇರಾಪಂಥಿ ದಿಗಂಬರರು ಶುದ್ಧಜಲವೊಂದೇ ಸಾಕೆಂದು ಬಗೆದು ಶತಮಾನಗಳಿಂದ ಹಾಗೆಯೇ ನಡೆದುಬಂದಿದ್ದಾರೆ. ಒಂದೇ ತೀರ್ಥಂಕರರನ್ನು ನೆನೆಯುವ ಈ ಎರಡೂ ಕ್ರಮಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಮನೆಯವರು ಕುಳಿತು ಮಾತಾಡಿ ತೀರ್ಮಾನಿಸುವುದಕ್ಕೆ ಶಾಸ್ತ್ರದ ಅಡ್ಡಿಯೇನೂ ಇಲ್ಲ, ಮತ್ತು ತಟ್ಟೆಯ ಬಗ್ಗೆ ಒಮ್ಮತಕ್ಕೆ ಬರಲಾರದ ಎಷ್ಟೋ ಕುಟುಂಬಗಳಿಗೆ ಕಳಶದ ಬಗ್ಗೆ ಒಮ್ಮತ ಸುಲಭವಾಗಬಹುದು.