ಹೆಬ್ಬೆಟ್ಟಿನ ಮೇಷ್ಟ್ರು

ಜಪಾನಿನ ಸಣ್ಣ ಊರಿಗೆ ಇಂಗ್ಲಿಷ್ ಕಲಿಸಲು ಹೋದವರ ಮನೆಯ ಗೋಡೆಯಲ್ಲಿ ದೇವರ ಪಟ ಇರುತ್ತದೋ ಇಲ್ಲವೋ, ಕಸದ ಪಂಚಾಂಗ ಮಾತ್ರ ಇದ್ದೇ ಇರುತ್ತದೆ. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಇನ್ನೊಂದು, ಗಾಜು ಡಬ್ಬಿಗಳಿಗೆ ಮತ್ತೊಂದು. ನೀರಿನ ಬಾಟಲಿಯಾದರೆ ಮುಚ್ಚಳ ತೆಗೆದು, ಮೈಮೇಲಿನ ಚೀಟಿ ಸುಲಿದು, ತೊಳೆದು ಇಡಬೇಕು. ತಿಥಿ ತಪ್ಪಿದರೆ ಗಾಡಿಯವರು ಜಗಳಕ್ಕೇನೂ ಬರುವುದಿಲ್ಲ. ಚೀಲದ ಮೇಲೊಂದು ಕಾಗದ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ನಿನ್ನೆಯಷ್ಟೇ ತರಗತಿ ತುಂಬ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಹೇಳಿಕೊಟ್ಟ ಮೇಷ್ಟ್ರು ಇವತ್ತು ಬೀದಿಯಲ್ಲಿ ಆ ಕಾಗದ ಹಿಡಿದು, ಅದರ ತಲೆ ಯಾವುದು ಕಾಲು ಯಾವುದು ತಿಳಿಯದೆ ನಿಲ್ಲುತ್ತಾರೆ. ಓದು ಬಾರದವರನ್ನು ನಮ್ಮ ಕಡೆ ಹೆಬ್ಬೆಟ್ಟು ಎನ್ನುವುದುಂಟು. ಪರದೇಶಕ್ಕೆ ಭಾಷೆ ಕಲಿಸಲು ಹೋದವರು ಮೊದಲು ಆಗುವುದು ಅದೇ. ಜಪಾನಿನಲ್ಲಂತೂ ಈಚಿನವರೆಗೂ ಎಷ್ಟೋ ವ್ಯವಹಾರಗಳಿಗೆ ರುಜುವಿಗಿಂತ ಹೆಸರಿನ ಮೊಹರೇ ರೂಢಿಯಾಗಿತ್ತು. ಎಂ.ಎ. ಮಾಡಿದವರೂ ಕೆಂಪು ಶಾಯಿಗೆ ಅದ್ದಿ ಒತ್ತಬೇಕಿತ್ತು!

ಆ ದೇಶದ ಸರ್ಕಾರ 1987ರಲ್ಲಿ ಶುರುಮಾಡಿದ ಜೆಟ್ ಎಂಬ ಯೋಜನೆಯಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರು ನಾನಾ ದೇಶಗಳಿಂದ ಅಲ್ಲಿನ ಶಾಲೆಗಳಿಗೆ ಹೋಗುತ್ತಾರೆ. ಹೆಚ್ಚೆಂದರೆ ಐದು ವರ್ಷದ ಕೆಲಸ. ಹೊರಡುವಾಗ ಪಾಠ ಹೇಗೆ ಮಾಡಲಿ ಎಂಬ ಚಿಂತೆ. ಇಳಿದ ಮೇಲೆ ಬಾಡಿಗೆ ಮನೆಯ ಚಿಂತೆ. ಮನೆ ಸಿಕ್ಕಿದ ಹದಿನಾಲ್ಕು ದಿನದೊಳಗೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಬಾಡಿಗೆಗೆ ಸಾಮಾನ್ಯವಾಗಿ ಜಾಮೀನು ನಿಲ್ಲುವವರು ಬೇಕು. ಎಷ್ಟೋ ಕಡೆ ‘ರೇಕಿನ್’ ಎಂದು ಮಾಲೀಕರಿಗೆ ಒಂದು ಮೊತ್ತ ಒಪ್ಪಿಸಬೇಕು. ಹೆಸರಿನ ಅರ್ಥ ಕೃತಜ್ಞತೆಯ ಹಣ, ಕೊಟ್ಟದ್ದು ಮರಳಿ ಬಾರದು. (ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ಖರ್ಚು ಕಳೆದು ಎಣಿಸಿಕೊಂಡ ನಾವು ಇದಕ್ಕೆ ಹುಬ್ಬೇರಿಸಬೇಕಾಗಿಲ್ಲ.) ಮೊದಲ ಸಂಬಳ ಬರುವ ತನಕ ಕೈಗಂಟಿನಲ್ಲೇ ದಿನ ತಳ್ಳಬೇಕು. ಚಳಿಗಾಲದಲ್ಲಿ ಇಡೀ ಮನೆ ಬೆಚ್ಚಗಿರುವುದು ಅಪರೂಪ. ಗಿಡ್ಡ ಮೇಜಿನಡಿ ಹೀಟರು, ಮೇಲೊಂದು ರಜಾಯಿ, ಅದರೊಳಗೆ ಕಾಲು. ಕೊಟತ್ಸು ಎನ್ನುವ ಆ ಮೇಜು ಬಿಟ್ಟೇಳಲು ಯಾರಿಗೂ ಮನಸ್ಸಾಗುವುದಿಲ್ಲವಂತೆ.

ಶಾಲೆಯಲ್ಲಿ ಅವರು ಸಹಾಯಕ ಶಿಕ್ಷಕರು. ತರಗತಿಯ ಹೊಣೆ ಜಪಾನಿ ಮೇಷ್ಟ್ರದು. ಕೆಲವೆಡೆ ಪಾಠದ ಸಾಲನ್ನು ಗಟ್ಟಿಯಾಗಿ ಓದಿಸಿ ಕೂರಿಸುವುದೂ ಇದೆ. ತಾವು ಮಾತಾಡುವ ಟೇಪ್ ರೆಕಾರ್ಡರ್ ಎಂದು ಹೋದವರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಆದರೆ ಮಧ್ಯಾಹ್ನ ಬಿಳಿ ಟೋಪಿ ತೊಟ್ಟ ಮಕ್ಕಳೇ ಊಟ ಬಡಿಸುವ, ಆಮೇಲೆ ಚಿಂದಿ ಬಟ್ಟೆ ಹಿಡಿದು ತಾವೇ ನೆಲ ಒರೆಸುವ ಹೊತ್ತಿದೆಯಲ್ಲ, ನನ್ನನ್ನು ಕೇಳಿದರೆ ನಿಜವಾದ ತರಗತಿ ಅದು. ಪರದೇಶದ ಮೇಷ್ಟ್ರೂ ಬಟ್ಟೆ ಹಿಡಿದು ಬಗ್ಗಿ, ಬಕೆಟ್ಟಿಗೆ ಜಪಾನಿಯಲ್ಲಿ ಏನನ್ನುತ್ತಾರೆ ಎಂದು ಕೇಳಿ ತಪ್ಪುತಪ್ಪಾಗಿ ಹೇಳಿದಾಗ ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ತಪ್ಪು ಮಾತಾಡಿದರೆ ಏನೂ ಆಗುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ತರಗತಿಯ ಮೂಗರಿಗೂ ಇಂಗ್ಲಿಷ್ ಬಾಯಿ ಬರುತ್ತದೆ.

ಈ ದಾರಿ ಹಳೆಯದು. 1890ರಲ್ಲಿ ಲಾಫ್ಕಾಡಿಯೋ ಹರ್ನ್ ಎಂಬಾತ ಮತ್ಸುಯೆ ಎಂಬ ಸರೋವರದ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದ. ಹುಟ್ಟಿದ್ದು ಗ್ರೀಸಿನ ದ್ವೀಪವೊಂದರಲ್ಲಿ, ಬೆಳೆದದ್ದು ಡಬ್ಲಿನ್ನಿನಲ್ಲಿ, ಅನ್ನ ಹುಡುಕಿದ್ದು ಅಮೆರಿಕದ ಪತ್ರಿಕೆಗಳಲ್ಲಿ. ಆಗ ವಯಸ್ಸು ನಲವತ್ತು, ಒಂದು ಕಣ್ಣು ಕಾಣದು. ಊರವರ ಬಾಯಲ್ಲಿ ಅವನ ಹೆಸರು ಹೆರುನ್ ಆಯಿತು. ಆ ಊರಿನ ಚಳಿ ತಡೆಯದೆ ಮರುವರ್ಷವೇ ದಕ್ಷಿಣದ ಕುಮಮೊಟೊಗೆ ಹೋದ. ಹೋಗುವಾಗ ಜೊತೆಗೆ ಹೆಂಡತಿ ಸೆತ್ಸು ಇದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಜಪಾನಿ ಓದಲು ಕೊನೆಯವರೆಗೂ ಸರಿಯಾಗಿ ಒಗ್ಗಲಿಲ್ಲ. ಕೇಳಿದ ಇಂಗ್ಲಿಷ್ ಶಬ್ದಗಳನ್ನು ಅವಳು ತನ್ನ ಲಿಪಿಯಲ್ಲಿ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಳು. ವಿಭಕ್ತಿ ಬಿದ್ದುಹೋದ, ಕ್ರಿಯಾಪದ ಮುರಿದ ಒಂದು ಜಪಾನಿಯಲ್ಲಿ ಇಬ್ಬರೂ ಸಂಸಾರ ನಡೆಸಿದರು. ರಾತ್ರಿ ಹೊತ್ತು ಅವಳು ಹಳೆಯ ಭೂತದ ಕಥೆ ಹೇಳಬೇಕು; ಪುಸ್ತಕ ನೋಡಿ ಓದಬೇಡ, ನಿನ್ನ ಮಾತಲ್ಲೇ ಹೇಳು ಎಂದು ಅವನ ಹಟ. ಆ ಹರಕು ಭಾಷೆಯಲ್ಲಿ ಕೇಳಿದ ಕಥೆಗಳೇ 1904ರ ‘ಕ್ವೈದಾನ್’ ಎಂಬ ಇಂಗ್ಲಿಷ್ ಪುಸ್ತಕಕ್ಕೆ ಬೇರಾದವು. ಅಷ್ಟರಲ್ಲಿ ಅವನು ಜಪಾನಿನ ಪ್ರಜೆಯಾಗಿ ಕೊಯಿಝುಮಿ ಯಾಕುಮೋ ಆಗಿದ್ದ. 1903ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅವನು ಬಿಟ್ಟ ಪಾಠವನ್ನು ಹಿಡಿದವರಲ್ಲಿ ಒಬ್ಬರು, ಮುಂದೆ ದೊಡ್ಡ ಕಾದಂಬರಿಕಾರರಾದ ನತ್ಸುಮೆ ಸೋಸೆಕಿ. ಇಂಗ್ಲಿಷ್ ಓದಲೆಂದು ಸರ್ಕಾರವೇ ಅವರನ್ನು ಲಂಡನ್ನಿಗೆ ಕಳಿಸಿತ್ತು. ಅಲ್ಲಿ ಅವರು ಖರ್ಚಿಗೆ ಸಾಲದ ಭತ್ಯೆಯಲ್ಲಿ ಪುಸ್ತಕ ಕೊಂಡು, ಬಾಡಿಗೆ ಕೋಣೆಗಳನ್ನು ಬದಲಿಸುತ್ತ, ಎರಡು ವರ್ಷ ಒಂಟಿಯಾಗಿ ನವೆದರು. ಭಾಷೆ ಗೊತ್ತಿತ್ತು. ಅವರಿಗೊಬ್ಬಳು ಸೆತ್ಸು ಸಿಗಲಿಲ್ಲ.

ಕಸದ ಕಾಗದ ಹಿಡಿದು ನಿಂತ ಮೇಷ್ಟ್ರನ್ನು ಮರೆತಿಲ್ಲ ತಾನೇ? ಅಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಪಕ್ಕದ ಮನೆಯ ಅಜ್ಜಿಯೊಬ್ಬರು ಹೊರಬಂದು, ಚೀಲ ಬಿಚ್ಚಿ, ಬಾಟಲಿಯ ಮುಚ್ಚಳ ತಿರುಗಿಸಿ ತೋರಿಸುತ್ತಾರೆ. ಈಚೆಗೆ ಎಷ್ಟೋ ಊರುಗಳು ಕಸದ ಪಂಚಾಂಗವನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕುತ್ತವೆ, ಒಳ್ಳೆಯದೇ. ಆದರೂ ಅಜ್ಜಿ ಅಜ್ಜಿಯೇ.

ಇದನ್ನು ಬರೆಯುವಾಗ ನಮ್ಮ ಮಹಡಿಯ ಮನೆ ನೆನಪಾಯಿತು. ಮಣಿಪುರದ ಗಂಡ ಹೆಂಡತಿ, ಬಂದು ಎಂಟು ತಿಂಗಳು. ಯಾವುದಕ್ಕೂ ಸೇರುವುದಿಲ್ಲ, ತಮ್ಮ ಪಾಡಿಗೆ ಇರುತ್ತಾರೆ ಎಂದು ನಾವು ಕಾಫಿ ಕುಡಿಯುತ್ತ ಹೇಳಿಕೊಂಡದ್ದುಂಟು. ಮೊನ್ನೆ ಗೇಟಿನ ಬಳಿ ಅವಳು ನಿಂತು ಒಂದು ಚೀಟಿಯನ್ನು ನೋಡುತ್ತಿದ್ದಳು. ಹತ್ತಿರ ಹೋದೆ. ನನ್ನದೇ ಕೈಬರಹ, ಕನ್ನಡದಲ್ಲಿ: ನಾಳೆ ಟ್ಯಾಂಕ್ ತೊಳೆಯುತ್ತಾರೆ, ನೀರು ಹಿಡಿದಿಟ್ಟುಕೊಳ್ಳಿ. ಕಳೆದ ಸಲ ತೊಳೆದಾಗಲೂ ಬರೆದವನು ನಾನೇ. ಆ ದಿನ ಇವರು ಏನು ಮಾಡಿದರೋ, ಕೇಳಲು ಬಾಯಿ ಬರಲಿಲ್ಲ. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವಳದೂ ಅಷ್ಟೆ. “ಪಾನಿ, ಕಲ್, ಬಂದ್” ಎಂದೆ, ಕೈಯಲ್ಲಿ ನಲ್ಲಿ ತಿರುಗಿಸಿ ತೋರಿಸಿದೆ. ಅವಳು ಚೀಟಿಯ ಮೇಲೆ ಬೆರಳಿಟ್ಟು, ‘ನೀರು’ ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. “ನೀರು” ಎಂದಳು. ರಾತ್ರಿ ಹತ್ತರವರೆಗೂ ಮೇಲಿನ ಮನೆಯಲ್ಲಿ ಬಕೆಟ್ಟು ತುಂಬುವ ಸದ್ದು ಕೇಳುತ್ತಿತ್ತು.